ಗೇಟ್ 94, ಪಾಯಿಂಟ್ 17, ಹಸಿರು ಸಿಗ್ನಲ್: ಬಹನಗಾ ಬಜಾರ್ ಪ್ರಕರಣ

ರೈಲ್ವೆ ಗೇಟಿನ ಕಂಬ ಎತ್ತಿ ಇಳಿಸುವ ಯಂತ್ರ ಬದಲಾಯಿಸುವುದು ದೊಡ್ಡ ಕಾಮಗಾರಿ ಅಲ್ಲ. ಕ್ರೇನ್ ಬರಬೇಕಿಲ್ಲ, ಹಳಿ ಕೀಳಬೇಕಿಲ್ಲ. ನಾಲ್ಕಾರು ಜನ, ಒಂದಿಷ್ಟು ಕೇಬಲ್, ವೈರು ತುಂಬಿದ ಒಂದು ಕಬ್ಬಿಣದ ಪೆಟ್ಟಿಗೆ, ಇಷ್ಟೇ. 2023ರ ಜೂನ್ 2ರಂದು ಒಡಿಶಾದ ಬಾಲಸೋರ್ ಜಿಲ್ಲೆಯ ಬಹನಗಾ ಬಜಾರ್ ಸ್ಟೇಷನ್ನಿನ ಗೇಟ್ ನಂಬರ್ 94ರಲ್ಲಿ ನಡೆದದ್ದು ಇಂಥದ್ದೇ ಕೆಲಸ. ಅದೇ ಸಂಜೆ ಏಳು ಗಂಟೆಗೆ ಸ್ವಲ್ಪ ಮುಂಚೆ ಅಲ್ಲಿ ಮೂರು ರೈಲು ಒಂದಕ್ಕೊಂದು ಬಡಿದವು. 290ಕ್ಕೂ ಹೆಚ್ಚು ಜನ ಸತ್ತರು.

ಈ ದುರಂತವನ್ನು ನಮ್ಮಲ್ಲಿ ಎಲ್ಲರೂ ರೈಲು ಅಪಘಾತ ಅಂತಲೇ ನೆನಪಿಟ್ಟುಕೊಂಡಿದ್ದಾರೆ. ನನಗೆ ಇದು ಮೊದಲು ಕಾಮಗಾರಿ ಅಪಘಾತ. ಓಡುತ್ತಿರುವ ಲೈನಿನಲ್ಲಿ ಕೆಲಸ ಮಾಡುವಾಗಿನ ಸುರಕ್ಷತೆ ಅಂದರೆ ನಮ್ಮ ತಲೆಗೆ ಬರುವುದು ಕಿತ್ತಳೆ ಜಾಕೆಟ್, ಹೆಲ್ಮೆಟ್, ರೈಲು ಬಂತು ಅಂತ ಸೀಟಿ ಊದುವ ಕಾವಲುಗಾರ. ಅವೆಲ್ಲ ಬೇಕು, ಟ್ರ್ಯಾಕ್‌ಮನ್‌ಗಳು ಇವತ್ತಿಗೂ ರೈಲಿಗೆ ಸಿಕ್ಕಿ ಸಾಯುತ್ತಿದ್ದಾರೆ. ಆದರೆ ಬಹನಗಾದಲ್ಲಿ ಕೆಲಸದವರು ಸುರಕ್ಷಿತವಾಗಿದ್ದರು. ಸತ್ತದ್ದು ಟಿಕೆಟ್ ತೆಗೆದುಕೊಂಡು ಬೋಗಿಯಲ್ಲಿ ಕೂತಿದ್ದವರು. ಕೆಲಸದ ಅಪಾಯ ಕೆಲಸದ ಜಾಗದಿಂದ ಒಂದು ವೈರಿನ ಮೂಲಕ ಹರಿದು ಬೇರೆ ಕಡೆ ಹೋಗಿ ಕೂತಿತ್ತು. ಈ ಬಗೆಯ ಅಪಾಯ ಕಣ್ಣಿಗೆ ಕಾಣುವುದಿಲ್ಲ, ಅದಕ್ಕೇ ಇದನ್ನು ಕೂಲಂಕಷವಾಗಿ ಬರೆಯಬೇಕು ಅನ್ನಿಸಿತು.

ಅವತ್ತು ಏನಾಯಿತು

ಬಹನಗಾ ಬಜಾರ್ ಸಣ್ಣ ಸ್ಟೇಷನ್. ಹೌರಾ–ಚೆನ್ನೈ ಮುಖ್ಯ ಮಾರ್ಗದಲ್ಲಿದೆ, ಆಗ್ನೇಯ ರೈಲ್ವೆಯ ಖರಗ್‌ಪುರ ವಿಭಾಗಕ್ಕೆ ಸೇರಿದ್ದು. ನಾಲ್ಕು ಲೈನ್. ನಡುವಿನ ಎರಡು ಮೇನ್ ಲೈನ್, ಅಪ್ ಒಂದು ಡೌನ್ ಒಂದು. ಅವುಗಳ ಆಚೀಚೆ ಒಂದೊಂದು ಲೂಪ್ ಲೈನ್. ಎಕ್ಸ್‌ಪ್ರೆಸ್ ಗಾಡಿಗಳು ಇಲ್ಲಿ ನಿಲ್ಲುವುದಿಲ್ಲ. ಅವು ಮೇನ್ ಲೈನಿನಲ್ಲಿ ಸುಯ್ಯನೆ ಹೋಗಲಿ ಅಂತ ಗೂಡ್ಸ್ ಗಾಡಿಗಳನ್ನು ಲೂಪ್‌ಗೆ ಹಾಕಿ ನಿಲ್ಲಿಸುತ್ತಾರೆ. ಅವತ್ತು ಎರಡೂ ಲೂಪಿನಲ್ಲಿ ಗೂಡ್ಸ್ ನಿಂತಿತ್ತು. ಅಪ್ ಲೂಪಿನಲ್ಲಿದ್ದ ಗಾಡಿಯ ತುಂಬ ಕಬ್ಬಿಣದ ಅದಿರು.

ಶಾಲಿಮಾರ್‌ನಿಂದ ಚೆನ್ನೈಗೆ ಹೊರಟಿದ್ದ 12841 ಕೋರಮಂಡಲ್ ಎಕ್ಸ್‌ಪ್ರೆಸ್‌ಗೆ ಮೇನ್ ಲೈನಿನಲ್ಲಿ ನೇರವಾಗಿ ಹೋಗಲು ಹಸಿರು ಸಿಗ್ನಲ್ ಇತ್ತು. ಲೋಕೋ ಪೈಲಟ್ ಗಂಟೆಗೆ 128 ಕಿ.ಮೀ. ವೇಗದಲ್ಲಿ ಬಂದರು. ಆ ಮಾರ್ಗದ ಮಿತಿ 130, ಅಂದರೆ ಅವರು ಏನೂ ತಪ್ಪು ಮಾಡಿರಲಿಲ್ಲ. ಸಿಗ್ನಲ್ ಮೇನ್ ಲೈನ್ ಅಂತ ಹೇಳುತ್ತಿತ್ತು. ನೆಲದ ಮೇಲೆ ಪಾಯಿಂಟ್ 17ಎ/ಬಿ, ಅಂದರೆ ಗಾಡಿಯನ್ನು ಒಂದು ಲೈನಿನಿಂದ ಇನ್ನೊಂದಕ್ಕೆ ತಿರುಗಿಸುವ ಹಳಿಯ ಜೋಡಣೆ, ಮಾತ್ರ ಅಪ್ ಲೂಪ್ ಕಡೆಗೆ ತಿರುಗಿತ್ತು. ಗಾಡಿ ಲೂಪಿಗೆ ನುಗ್ಗಿತು, ಅದಿರು ಗಾಡಿಯ ಹಿಂಭಾಗಕ್ಕೆ ಬಡಿಯಿತು. ಆ ವೇಗದಲ್ಲಿ ಸೆಕೆಂಡಿಗೆ 35 ಮೀಟರ್ ದೂರ ಸಾಗುತ್ತದೆ. ಅಂಥ ಗಾಡಿ ತುರ್ತು ಬ್ರೇಕ್ ಹಾಕಿದರೂ ನಿಲ್ಲಲು ಒಂದು ಕಿಲೋಮೀಟರ್ ಆಸುಪಾಸು ಬೇಕು. ಪಾಯಿಂಟ್ ತಪ್ಪಾಗಿದೆ ಅಂತ ಕಣ್ಣಿಗೆ ಬೀಳುವ ಹೊತ್ತಿಗೆ ಮಾಡುವಂಥದ್ದು ಏನೂ ಉಳಿದಿರುವುದಿಲ್ಲ.

ಅದೇ ಹೊತ್ತಿಗೆ ಡೌನ್ ಮೇನ್ ಲೈನಿನಲ್ಲಿ ಎದುರಿಂದ 12864 ಹಾದುಹೋಗುತ್ತಿತ್ತು. ನಮ್ಮ ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ ಹೌರಾಕ್ಕೆ ಹೋಗುವ ಗಾಡಿ, ವೇಗ 126. ಅದರ ಬಹುಪಾಲು ಬೋಗಿಗಳು ದಾಟಿ ಹೋಗಿದ್ದವು. ಹಳಿ ತಪ್ಪಿ ಅಡ್ಡ ಬಿದ್ದ ಕೋರಮಂಡಲ್ ಬೋಗಿಗಳು ಅದರ ಕೊನೆಯ ಬೋಗಿಗಳಿಗೆ ತಾಗಿದವು. ಆ ಗಾಡಿಯಲ್ಲಿ ಚಿಕ್ಕಮಗಳೂರು ಜಿಲ್ಲೆಯ ಕಳಸ ಭಾಗದಿಂದ ಸಮ್ಮೇದ ಶಿಖರಜಿಗೆ ಹೊರಟಿದ್ದ ನೂರಕ್ಕೂ ಹೆಚ್ಚು ಯಾತ್ರಿಕರು ಇದ್ದರು, ಅವರು ಉಳಿದುಕೊಂಡರು. ಬೆಂಗಳೂರಿನಲ್ಲಿ ಗಾರೆ ಕೆಲಸ, ಹೋಟೆಲ್ ಕೆಲಸ, ಸೆಕ್ಯೂರಿಟಿ ಕೆಲಸ ಮಾಡಿ ಊರಿಗೆ ಹೋಗುವ ಬಂಗಾಳ, ಒಡಿಶಾದ ಜನರ ಗಾಡಿ ಅದು. ನಮ್ಮ ಊರಿಗೆ ಸಂಬಂಧವಿಲ್ಲದ ಘಟನೆ ಅಂತ ಯಾರೂ ಹೇಳುವ ಹಾಗಿಲ್ಲ.

ಮೊದಲ ಎರಡು ದಿನ ಜನ ಯಾರ್ಯಾರನ್ನೋ ಬೈದರು. ಲೋಕೋ ಪೈಲಟ್ ಸಿಗ್ನಲ್ ನೋಡಲಿಲ್ಲ ಅಂದರು. ಕೆಲವರು ಸ್ಟೇಷನ್ ಮಾಸ್ಟರ್ ಯಾವ ಧರ್ಮದವರು ಅಂತ ಹುಡುಕಲು ಹೊರಟರು, ಒಡಿಶಾ ಪೊಲೀಸರು ಎಚ್ಚರಿಕೆ ಕೊಡಬೇಕಾಯಿತು. ಇದರಿಂದ ಆದ ನಷ್ಟ ಏನು ಅಂದರೆ, ಕಾಮಗಾರಿ ಬಗ್ಗೆ ಕೇಳಬೇಕಿದ್ದ ಪ್ರಶ್ನೆಗಳು ಹಿಂದೆ ಬಿದ್ದವು.

ಗೇಟಿಗೂ ಪಾಯಿಂಟಿಗೂ ಏನು ಸಂಬಂಧ?

ಇಲ್ಲೇ ಇರುವುದು ವಿಷಯ. ಸ್ವಲ್ಪ ಉದ್ದವಾದರೂ ಪರವಾಗಿಲ್ಲ, ಬಿಡಿಸಿ ಹೇಳುತ್ತೇನೆ.

ಸ್ಟೇಷನ್ನಿನಲ್ಲಿ ಸಿಗ್ನಲ್, ಪಾಯಿಂಟ್, ಗೇಟ್, ಹಳಿಯ ಮೇಲೆ ಗಾಡಿ ಇದೆಯೋ ಇಲ್ಲವೋ ಅನ್ನುವ ಮಾಹಿತಿ, ಇಷ್ಟನ್ನೂ ಒಂದಕ್ಕೊಂದು ಕಟ್ಟಿಹಾಕಿರುವ ವ್ಯವಸ್ಥೆಗೆ ಇಂಟರ್‌ಲಾಕಿಂಗ್ ಅನ್ನುತ್ತಾರೆ. ಪಾಯಿಂಟ್ ಮೇನ್ ಲೈನಿಗೆ ಸರಿಯಾಗಿ ಕೂತು ಲಾಕ್ ಆಗದೆ ಮೇನ್ ಲೈನಿನ ಸಿಗ್ನಲ್ ಹಸಿರಾಗಬಾರದು. ಗೇಟ್ ಮುಚ್ಚದೆ ಹಸಿರಾಗಬಾರದು. ಮುಂದೆ ಗಾಡಿ ನಿಂತಿದ್ದರೆ ಹಸಿರಾಗಬಾರದು. ಸ್ಟೇಷನ್ ಮಾಸ್ಟರ್ ಪ್ಯಾನೆಲ್ ಮೇಲೆ ಏನೇ ಒತ್ತಿದರೂ ಇಂಟರ್‌ಲಾಕಿಂಗ್ ಒಪ್ಪದಿದ್ದರೆ ಸಿಗ್ನಲ್ ಬರುವುದಿಲ್ಲ.

ಆದರೆ ಇಂಟರ್‌ಲಾಕಿಂಗ್‌ಗೆ ಕಣ್ಣಿಲ್ಲ. ಪಾಯಿಂಟ್ ಯಾವ ಕಡೆ ಇದೆ ಅಂತ ಅದಕ್ಕೆ ತಿಳಿಯುವುದು ಪಾಯಿಂಟ್ ಯಂತ್ರದಿಂದ ಬರುವ ವೈರಿನಲ್ಲಿ ಕರೆಂಟ್ ಇದೆಯೋ ಇಲ್ಲವೋ ಅನ್ನುವುದರಿಂದ. ಆ ವೈರು ನೂರಾರು ಮೀಟರ್ ಕೇಬಲಿನಲ್ಲಿ, ಹಳಿಯ ಪಕ್ಕದಲ್ಲಿ ನಿಲ್ಲಿಸಿರುವ ಲೊಕೇಶನ್ ಬಾಕ್ಸ್‌ಗಳ ಮೂಲಕ, ಸ್ಟೇಷನ್ನಿನ ತುದಿಯಲ್ಲಿರುವ ಗುಮ್ಟಿ ಅನ್ನುವ ಸಣ್ಣ ಕೋಣೆಯ ಮೂಲಕ, ಕರೆಂಟ್ ಬಂದಾಗ ಎತ್ತುವ ಸ್ವಿಚ್‌ಗಳು, ಅಂದರೆ ರಿಲೇಗಳು, ಇರುವ ರಿಲೇ ರೂಮಿಗೆ ಬರುತ್ತದೆ. ಲೊಕೇಶನ್ ಬಾಕ್ಸ್ ಬಾಗಿಲು ತೆಗೆದರೆ ಒಳಗೆ ಸಾಲು ಸಾಲು ಟರ್ಮಿನಲ್, ಅಂದರೆ ವೈರಿನ ತುದಿ ಸೇರಿಸುವ ಜಾಗ, ಪ್ರತಿಯೊಂದಕ್ಕೂ ಒಂದು ಲೇಬಲ್. ಗೇಟಿನ ವೈರುಗಳೂ ಅಲ್ಲೇ, ಪಾಯಿಂಟಿನ ವೈರುಗಳೂ ಅಲ್ಲೇ. ಗೇಟಿನ ಕೆಲಸಕ್ಕೆ ಬಂದವನು ಮುಟ್ಟುವ ಟರ್ಮಿನಲ್ ಪಕ್ಕದಲ್ಲೇ 128 ಕಿ.ಮೀ. ವೇಗದ ಗಾಡಿಯ ದಾರಿ ನಿರ್ಧರಿಸುವ ಟರ್ಮಿನಲ್ ಇರುತ್ತದೆ.

ರೈಲ್ವೆ ಸಿಗ್ನಲಿಂಗ್ ಬಗ್ಗೆ ಒಂದು ಮಾತನ್ನು ಎಲ್ಲರೂ ಹೇಳುತ್ತಾರೆ: ಅದು ಕೆಟ್ಟರೂ ಸುರಕ್ಷಿತವಾಗಿಯೇ ಕೆಡುತ್ತದೆ. ವೈರ್ ತುಂಡಾದರೆ ಕರೆಂಟ್ ಹೋಗುತ್ತದೆ, ಸಿಗ್ನಲ್ ಕೆಂಪಾಗುತ್ತದೆ, ಗಾಡಿ ನಿಲ್ಲುತ್ತದೆ. ಇದು ನಿಜ. ಆದರೆ ಈ ನಿಜಕ್ಕೆ ಒಂದು ಮಿತಿ ಇದೆ, ಅದನ್ನು ಯಾರೂ ಜಾಸ್ತಿ ಹೇಳುವುದಿಲ್ಲ. ವೈರ್ ಬಿಟ್ಟುಹೋದರೆ ವ್ಯವಸ್ಥೆಗೆ ತಿಳಿಯುತ್ತದೆ. ವೈರ್ ತಪ್ಪು ಜಾಗಕ್ಕೆ ಸೇರಿಕೊಂಡರೆ ತಿಳಿಯುವುದಿಲ್ಲ. ಬರಬಾರದ ಕಡೆಯಿಂದ ಕರೆಂಟ್ ಬಂದರೂ ರಿಲೇ ಎತ್ತುತ್ತದೆ, ‘ಪಾಯಿಂಟ್ ಮೇನ್ ಲೈನಿಗಿದೆ’ ಅಂತ ಇಂಟರ್‌ಲಾಕಿಂಗ್ ನಂಬುತ್ತದೆ, ಪ್ಯಾನೆಲ್‌ನಲ್ಲಿ ಹಾಗೇ ತೋರಿಸುತ್ತದೆ, ಹಸಿರು ಕೊಡುತ್ತದೆ. ಮನೆಯ ಸ್ವಿಚ್ ಬೋರ್ಡಿನಲ್ಲಿ ಯಾರೋ ಎರಡು ವೈರ್ ಅದಲುಬದಲು ಮಾಡಿಟ್ಟರೆ ಫ್ಯಾನ್ ಸ್ವಿಚ್ ಆಫ್ ಮಾಡಿದೆ ಅಂದುಕೊಂಡು ಫ್ಯಾನ್ ಮುಟ್ಟಿ ಶಾಕ್ ಹೊಡೆಸಿಕೊಳ್ಳುತ್ತೇವಲ್ಲ, ಆ ಥರ. ಸ್ವಿಚ್ ಸರಿ ಇದೆ, ಫ್ಯಾನ್ ಸರಿ ಇದೆ, ಸುಳ್ಳು ಹೇಳುತ್ತಿರುವುದು ನಡುವಿನ ವೈರು.

ಹಾಗಾಗಿ ಇಂಟರ್‌ಲಾಕಿಂಗ್‌ಗೆ ದೊಡ್ಡ ಶತ್ರು ಸಿಡಿಲೂ ಅಲ್ಲ, ಮಳೆಯೂ ಅಲ್ಲ. ಅದರ ಬಾಗಿಲು ತೆಗೆದು ಒಳಗೆ ಕೆಲಸ ಮಾಡುವ ಘಳಿಗೆ.

ತನಿಖೆಯಲ್ಲಿ ಸಿಕ್ಕಿದ್ದು

ಅಪಘಾತದ ತನಿಖೆ ಮಾಡಿದ್ದು ರೈಲ್ವೆ ಸುರಕ್ಷತಾ ಆಯುಕ್ತರು. ಈ ಹುದ್ದೆ ರೈಲ್ವೆ ಸಚಿವಾಲಯದ ಕೆಳಗೆ ಬರುವುದಿಲ್ಲ, ನಾಗರಿಕ ವಿಮಾನಯಾನ ಸಚಿವಾಲಯದ ಕೆಳಗಿದೆ. ರೈಲ್ವೆಯ ತಪ್ಪನ್ನು ರೈಲ್ವೆಯೇ ತೀರ್ಮಾನಿಸಬಾರದು ಅಂತ ಮಾಡಿಟ್ಟಿರುವ ಏರ್ಪಾಡು. ಜೂನ್ ಕೊನೆಗೆ ವರದಿ ಬಂತು. ಅದರ ಸಾರವನ್ನು ರೈಲ್ವೆ ಸಚಿವ ಅಶ್ವಿನಿ ವೈಷ್ಣವ್ ಜುಲೈ 2023ರಲ್ಲಿ ರಾಜ್ಯಸಭೆಗೆ ಲಿಖಿತವಾಗಿ ಕೊಟ್ಟರು. ಸ್ಟೇಷನ್ನಿನ ಉತ್ತರ ಗುಮ್ಟಿಯಲ್ಲಿ ಹಿಂದೊಮ್ಮೆ ಮಾಡಿದ ಸಿಗ್ನಲ್ ಸರ್ಕ್ಯೂಟ್ ಬದಲಾವಣೆಯಲ್ಲಿ ಲೋಪ ಇತ್ತು, ಗೇಟ್ 94ರ ಎಲೆಕ್ಟ್ರಿಕ್ ಬ್ಯಾರಿಯರ್ ಬದಲಾಯಿಸುವಾಗಲೂ ಲೋಪ ಆಯಿತು, ಎರಡೂ ಸೇರಿ ತಪ್ಪು ಸಿಗ್ನಲ್ ಬಂತು.

ಈ ‘ಹಿಂದೊಮ್ಮೆ’ ಅನ್ನುವುದನ್ನು ಗಮನಿಸಿ. ತಪ್ಪು ಅವತ್ತು ಹುಟ್ಟಿದ್ದಲ್ಲ. ಲೊಕೇಶನ್ ಬಾಕ್ಸಿನ ಒಳಗೆ ವೈರುಗಳ ಲೇಬಲ್ ತಪ್ಪಾಗಿತ್ತು, ವರ್ಷಗಟ್ಟಲೆ ಯಾರ ಗಮನಕ್ಕೂ ಬರದೆ ಹಾಗೇ ಇತ್ತು. ಎಂದೋ ಸರ್ಕ್ಯೂಟ್ ಬದಲಾಯಿಸಿದವರು ವೈರನ್ನು ಬೇರೆ ಟರ್ಮಿನಲ್‌ಗೆ ಹಾಕಿದರು, ಲೇಬಲ್ ಬದಲಾಯಿಸಲಿಲ್ಲ, ನಕ್ಷೆಯನ್ನೂ ತಿದ್ದಲಿಲ್ಲ. ಅಲ್ಲಿಯವರೆಗೆ ಏನೂ ಆಗಲಿಲ್ಲ, ಯಾಕೆಂದರೆ ವೈರು ಸೇರಬೇಕಾದ ಕಡೆಗೇ ಸೇರಿತ್ತು, ಹೆಸರು ಮಾತ್ರ ತಪ್ಪು. ಹೆಸರನ್ನು ನಂಬಿ ಕೆಲಸ ಮಾಡುವವನು ಬರುವವರೆಗೆ ಆ ತಪ್ಪು ಕಾಯುತ್ತಾ ಕೂತಿತ್ತು.

ಇನ್ನೊಂದು ವಿಷಯ ನನ್ನನ್ನು ಬಹಳ ಕಾಡುತ್ತದೆ. ಗೇಟ್ 94ರ ಕೆಲಸಕ್ಕೆ ಆ ಸ್ಟೇಷನ್ನಿಗೇ ಅಂತ ತಯಾರಿಸಿ ಮಂಜೂರು ಮಾಡಿದ ಸರ್ಕ್ಯೂಟ್ ನಕ್ಷೆ ಕೊಟ್ಟಿರಲಿಲ್ಲ, ತಪ್ಪು ವೈರಿಂಗ್‌ಗೆ ಅದೂ ದಾರಿ ಮಾಡಿತು ಅಂತ ಆಯುಕ್ತರ ವರದಿ ಹೇಳಿತು. ಆಮೇಲೆ ಸಿಬಿಐ ತನ್ನ ಪ್ರಕರಣದಲ್ಲಿ, ಬೇರೆ ಗೇಟಿನ, ಅಂದರೆ ಗೇಟ್ 79ರ ನಕ್ಷೆ ಇಟ್ಟುಕೊಂಡು ಗೇಟ್ 94ರ ಕೆಲಸ ಮಾಡಿದರು, ಮೇಲಧಿಕಾರಿಯ ಒಪ್ಪಿಗೆಯನ್ನೂ ಪಡೆದಿರಲಿಲ್ಲ ಅಂತ ಆರೋಪಿಸಿತು. ಜುಲೈ 7ರಂದು ಸಿಗ್ನಲ್ ವಿಭಾಗದ ಮೂವರನ್ನು ಬಂಧಿಸಿತು, ಸೆಪ್ಟೆಂಬರ್‌ನಲ್ಲಿ ಚಾರ್ಜ್‌ಶೀಟ್ ಹಾಕಿತು. ಇವು ಆರೋಪಗಳು, ತೀರ್ಪಲ್ಲ. ಆ ಮೂವರಲ್ಲಿ ಯಾರು ಎಷ್ಟು ತಪ್ಪಿತಸ್ಥರು ಅಂತ ನಾನು ಇಲ್ಲಿ ತೀರ್ಮಾನ ಕೊಡುವುದಿಲ್ಲ. ಆದರೆ ಕೈಯಲ್ಲಿ ಸರಿಯಾದ ನಕ್ಷೆ ಇಲ್ಲದ, ಲೇಬಲ್‌ಗಳೇ ಸುಳ್ಳಾಗಿರುವ ಪೆಟ್ಟಿಗೆಯ ಮುಂದೆ ಒಬ್ಬ ಟೆಕ್ನಿಷಿಯನ್‌ನನ್ನು ನಿಲ್ಲಿಸಿದ್ದು ಯಾರು ಅನ್ನುವ ಪ್ರಶ್ನೆ ಆ ಮೂವರ ಹತ್ತಿರ ಮುಗಿಯುವುದಿಲ್ಲ.

ವರದಿಯಲ್ಲಿ ಇನ್ನೂ ಒಂದು ಮಾತಿದೆ. 17ಎ/ಬಿ ಪಾಯಿಂಟ್ ಪದೇ ಪದೇ ವಿಚಿತ್ರವಾಗಿ ವರ್ತಿಸಿತ್ತು. ಅದನ್ನು ಸ್ಟೇಷನ್ ಮಾಸ್ಟರ್‌ಗಳು ಸಿಗ್ನಲ್ ಸಿಬ್ಬಂದಿಗೆ ತಿಳಿಸಿದ್ದರೆ ಸರಿಪಡಿಸಲು ಅವಕಾಶ ಇತ್ತು. ಅಂದರೆ ವ್ಯವಸ್ಥೆ ಸುಮ್ನೆ ಒಂದೇ ಏಟಿಗೆ ಮೋಸ ಮಾಡಲಿಲ್ಲ, ಸುಳಿವು ಕೊಟ್ಟಿತ್ತು.

ಮೆಮೊ ಎಂಬ ಕಾಗದ

ಓಡುವ ಲೈನಿನಲ್ಲಿ ಸಿಗ್ನಲ್ ಕೆಲಸ ಹೇಗೆ ಮಾಡಬೇಕು ಅಂತ ರೈಲ್ವೆಯಲ್ಲಿ ನಿಯಮ ಇಲ್ಲದೆ ಇಲ್ಲ. ಸಿಗ್ನಲ್ ಸಿಬ್ಬಂದಿ ಸ್ಟೇಷನ್ ಮಾಸ್ಟರ್‌ಗೆ ಡಿಸ್‌ಕನೆಕ್ಷನ್ ಮೆಮೊ ಕೊಡಬೇಕು. ಟಿ/351 ಅನ್ನುವ ಫಾರಂ ಅದು. ಇಂಥ ಪಾಯಿಂಟ್, ಇಂಥ ಸಿಗ್ನಲ್ ಇಷ್ಟು ಹೊತ್ತು ನಮ್ಮ ಕೈಯಲ್ಲಿರುತ್ತದೆ, ಅದನ್ನು ನಂಬಬೇಡಿ ಅಂತ ಅದರ ಅರ್ಥ. ಸ್ಟೇಷನ್ ಮಾಸ್ಟರ್ ಒಪ್ಪಿ ಸಹಿ ಹಾಕಿದ ಮೇಲೆ ಕೆಲಸ ಶುರು. ಅಷ್ಟು ಹೊತ್ತು ಆ ಭಾಗದಲ್ಲಿ ಗಾಡಿ ಬಿಡುವುದಾದರೆ ಪಾಯಿಂಟನ್ನು ಕ್ಲಾಂಪ್ ಹಾಕಿ ಬೀಗ ಜಡಿದು, ಕಣ್ಣಾರೆ ನೋಡಿ, ನಿಧಾನವಾಗಿ ಬಿಡಬೇಕು. ಕೆಲಸ ಮುಗಿದ ಮೇಲೆ ಪರೀಕ್ಷೆ ಮಾಡಿ ರೀಕನೆಕ್ಷನ್, ಅಂದರೆ ಇನ್ನು ನಂಬಬಹುದು ಅನ್ನುವ ಮೆಮೊ, ಕೊಡಬೇಕು. ಆಮೇಲಷ್ಟೇ ಪೂರ್ಣ ವೇಗದ ಹಸಿರು.

ಈ ಪರೀಕ್ಷೆಯಲ್ಲಿ ಮುಖ್ಯವಾದದ್ದನ್ನು ಕರೆಸ್ಪಾಂಡೆನ್ಸ್ ಟೆಸ್ಟ್ ಅನ್ನುತ್ತಾರೆ. ತುಂಬ ಸರಳ. ಒಬ್ಬ ಪ್ಯಾನೆಲ್ ಮುಂದೆ ನಿಲ್ಲುತ್ತಾನೆ, ಇನ್ನೊಬ್ಬ ಪಾಯಿಂಟ್ ಹತ್ತಿರ ನಿಲ್ಲುತ್ತಾನೆ. ಪ್ಯಾನೆಲ್‌ನಿಂದ ಪಾಯಿಂಟ್ ತಿರುಗಿಸುತ್ತಾರೆ, ನೆಲದಲ್ಲಿ ನಿಜವಾಗಿ ತಿರುಗಿತಾ ಅಂತ ಫೋನಿನಲ್ಲಿ ಕೇಳುತ್ತಾರೆ. ಮತ್ತೆ ಈ ಕಡೆ, ಮತ್ತೆ ಆ ಕಡೆ. ಪಾಯಿಂಟ್ ಸರಿಯಾಗಿ ಕೂರದಂತೆ ಮಾಡಿ ಸಿಗ್ನಲ್ ಬರುತ್ತದಾ ಅಂತಲೂ ನೋಡಬೇಕು. ತೋರಿಸುತ್ತಿರುವುದೂ ನೆಲದಲ್ಲಿರುವುದೂ ಒಂದೇನಾ ಅನ್ನುವುದು ಒಂದೇ ಪ್ರಶ್ನೆ. ಬಹನಗಾದಲ್ಲಿ ಗೇಟ್ ಕೆಲಸದ ನಂತರ, ಕೋರಮಂಡಲ್ ಬರುವ ಮುಂಚೆ, 17ಎ/ಬಿ ಪಾಯಿಂಟ್ ಹತ್ತಿರ ಒಬ್ಬ ಮನುಷ್ಯ ನಿಂತು ಈ ಪ್ರಶ್ನೆಗೆ ಉತ್ತರ ಹೇಳಿದ್ದರೆ ತಪ್ಪು ಅಲ್ಲೇ ಸಿಕ್ಕಿಬೀಳುತ್ತಿತ್ತು.

ಹಾಗಾದರೆ ಯಾಕೆ ಮಾಡುವುದಿಲ್ಲ? ಗೇಟ್ ಕೆಲಸಕ್ಕೆ ಗೇಟ್ ಪರೀಕ್ಷೆ ಮಾಡಿದರೆ ಸಾಕು ಅನ್ನಿಸುತ್ತದೆ, ಕಂಬ ಎದ್ದಿತು ಇಳಿಯಿತು, ಮುಗಿಯಿತು. ಪಾಯಿಂಟನ್ನು ನಾವು ಮುಟ್ಟೇ ಇಲ್ಲವಲ್ಲ ಅನ್ನುವ ಭಾವನೆ. ಇದಕ್ಕಿಂತ ದೊಡ್ಡ ಕಾರಣ ಸಮಯ. ಹೌರಾ–ಚೆನ್ನೈ ಲೈನ್ ದೇಶದ ಬಿಡುವಿಲ್ಲದ ಲೈನ್‌ಗಳಲ್ಲಿ ಒಂದು. ಅಂಥ ಕಡೆ ಬ್ಲಾಕ್, ಅಂದರೆ ಗಾಡಿ ಓಡಿಸದೆ ಕೆಲಸಕ್ಕೆ ಕೊಡುವ ಹೊತ್ತು, ಸಿಗುವುದು ಕಷ್ಟ. ಸಿಕ್ಕರೂ ಕೇಳಿದಷ್ಟು ಸಿಗುವುದಿಲ್ಲ. ಕಂಟ್ರೋಲ್ ರೂಮಿನಿಂದ ಇನ್ನೂ ಎಷ್ಟು ಹೊತ್ತು ಅಂತ ಫೋನ್ ಬರುತ್ತಲೇ ಇರುತ್ತದೆ. ಗಾಡಿ ಹತ್ತು ನಿಮಿಷ ತಡವಾದರೆ ಯಾರ ಲೆಕ್ಕಕ್ಕೆ ಬಿತ್ತು ಅಂತ ಅವತ್ತೇ ಬರೆದಿಡುತ್ತಾರೆ, ಪರೀಕ್ಷೆ ಅರ್ಧಕ್ಕೆ ಬಿಟ್ಟರೆ ಯಾರೂ ಬರೆದಿಡುವುದಿಲ್ಲ. ಕೆಲಸ ಮಾಡಲು ಬೇಕಾದ ಹೊತ್ತನ್ನು ಹೇಗೋ ಹೊಂದಿಸುತ್ತಾರೆ, ಪರೀಕ್ಷೆಗೆ ಬೇಕಾದ ಹೊತ್ತು ಮೊದಲು ಕರಗುತ್ತದೆ.

ಬ್ಲಾಕ್ ವಿಷಯದಲ್ಲಿ ನಮ್ಮ ದೇಶ ಇದಕ್ಕೂ ಮುಂಚೆ ಪಾಠ ಕಲಿಯಬೇಕಿತ್ತು. 2017ರ ಆಗಸ್ಟ್ 19ರಂದು ಉತ್ತರ ಪ್ರದೇಶದ ಖತೌಲಿಯಲ್ಲಿ ಹಳಿ ರಿಪೇರಿ ನಡೆಯುತ್ತಿದ್ದ ಜಾಗಕ್ಕೆ ಉತ್ಕಲ್ ಎಕ್ಸ್‌ಪ್ರೆಸ್ ಪೂರ್ಣ ವೇಗದಲ್ಲಿ ಬಂದು ಹಳಿ ತಪ್ಪಿತು. ಮುಂದೆ ಕೆಲಸ ಇದೆ ಅಂತ ತೋರಿಸುವ ಕೆಂಪು ಬಾವುಟ ಇರಲಿಲ್ಲ. 20ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ಹಳಿ, ಇಲ್ಲಿ ವೈರು. ಎರಡೂ ಕಡೆ ಗಾಡಿ ಓಡುತ್ತಿರುವಾಗ ಹೇಗೋ ಸಂದಿಯಲ್ಲಿ ಕೆಲಸ ಮುಗಿಸಿಬಿಡೋಣ ಅನ್ನುವ ರೂಢಿ.

ಹೊಸದುರ್ಗ ರೋಡ್ ಮತ್ತು ಬೇರೆ ಎಚ್ಚರಿಕೆಗಳು

ಬಹನಗಾಕ್ಕೆ ನಾಲ್ಕು ತಿಂಗಳ ಮುಂಚೆ ನಮ್ಮ ಕರ್ನಾಟಕದಲ್ಲೇ ಇದು ಆಗುವುದರಲ್ಲಿತ್ತು. ಇದು ಎಷ್ಟು ಜನಕ್ಕೆ ಗೊತ್ತೋ, ಎಲ್ಲರಿಗೂ ಗೊತ್ತಿರಬೇಕು.

2023ರ ಫೆಬ್ರವರಿ 8, ಸಂಜೆ. ಮೈಸೂರು ವಿಭಾಗದ ಬೀರೂರು–ಚಿಕ್ಕಜಾಜೂರು ಮಾರ್ಗದ ಹೊಸದುರ್ಗ ರೋಡ್ ಸ್ಟೇಷನ್. ಯಶವಂತಪುರದಿಂದ ನಿಜಾಮುದ್ದೀನ್‌ಗೆ ಹೋಗುವ 12649 ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್ ಹೊರಟಿತು. ಪ್ಯಾನೆಲ್‌ನಲ್ಲಿ ದಾರಿ ಸರಿಯಾಗಿಯೇ ತೋರಿಸುತ್ತಿತ್ತು. ನೆಲದಲ್ಲಿ ಪಾಯಿಂಟ್ ತಪ್ಪು ಲೈನಿಗೆ ತಿರುಗಿತ್ತು. ಲೋಕೋ ಪೈಲಟ್ ಅದನ್ನು ಗಮನಿಸಿ ಗಾಡಿ ನಿಲ್ಲಿಸಿದರು, ಯಾರಿಗೂ ಏನೂ ಆಗಲಿಲ್ಲ. ಗಾಡಿ ಆಗಷ್ಟೇ ಹೊರಟಿತ್ತು, ವೇಗ ಕಡಿಮೆ ಇತ್ತು, ಅದಕ್ಕೇ ನಿಲ್ಲಿಸಲು ಆಯಿತು. ಮರುದಿನವೇ ನೈಋತ್ಯ ರೈಲ್ವೆಯ ಸಂಚಾರ ವಿಭಾಗದ ಹಿರಿಯ ಅಧಿಕಾರಿಯೊಬ್ಬರು ಪತ್ರ ಬರೆದರು. ಗಾಡಿ ಸಿಗ್ನಲ್ ನೋಡಿ ಹೊರಟ ಮೇಲೆ ದಾರಿ ಬದಲಾಗುತ್ತದೆ ಅಂದರೆ ವ್ಯವಸ್ಥೆಯಲ್ಲಿ ಗಂಭೀರ ದೋಷ ಇದೆ, ಇದು ಇಂಟರ್‌ಲಾಕಿಂಗಿನ ಮೂಲ ತತ್ವಕ್ಕೇ ವಿರುದ್ಧ, ತಕ್ಷಣ ಸರಿಪಡಿಸದಿದ್ದರೆ ದೊಡ್ಡ ಅಪಘಾತ ಆಗಬಹುದು ಅನ್ನುವುದು ಅದರ ತಿರುಳು. ಆ ಪತ್ರ ಬೆಳಕಿಗೆ ಬಂದದ್ದು ಬಹನಗಾ ಆದ ಮೇಲೆ.

ಅದಕ್ಕೂ ಮುಂಚೆ, 2022ರ ಮೇ 16ರಂದು, ಬಹನಗಾ ಸೇರಿರುವ ಅದೇ ಖರಗ್‌ಪುರ ವಿಭಾಗದ ಬಾಂಕ್ರಾನಯಾಬಾಜ್ ಸ್ಟೇಷನ್ನಿನಲ್ಲಿ ತಪ್ಪು ವೈರಿಂಗ್ ಮತ್ತು ಕೇಬಲ್ ದೋಷದಿಂದ ಇಂಥದ್ದೇ ಘಟನೆ ಆಗಿತ್ತು. ಸುರಕ್ಷತಾ ಆಯುಕ್ತರು ಇದನ್ನು ವರದಿಯಲ್ಲಿ ಹೆಸರಿಸಿ ಬರೆದಿದ್ದಾರೆ. ಆಗಲೇ ತಪ್ಪು ವೈರಿಂಗ್ ವಿಷಯವನ್ನು ಸರಿಪಡಿಸಿದ್ದರೆ ಬಹನಗಾ ಅಪಘಾತ ಆಗುತ್ತಿರಲಿಲ್ಲ ಅಂತ. ಇಷ್ಟು ನೇರವಾಗಿ ಒಂದು ಸರ್ಕಾರಿ ವರದಿ ಹೇಳುವುದು ಅಪರೂಪ.

2023ರ ಏಪ್ರಿಲ್‌ನಲ್ಲಿ ರೈಲ್ವೆ ಮಂಡಳಿಯೂ ಎಲ್ಲ ವಲಯಗಳಿಗೆ ಬರೆದಿತ್ತು. ಸಿಗ್ನಲ್ ಸಿಬ್ಬಂದಿ ಅಡ್ಡದಾರಿ ಹಿಡಿಯುತ್ತಿದ್ದಾರೆ, ಬ್ಲಾಕ್ ಮುಗಿದ ಮೇಲೆ ಸರಿಯಾಗಿ ಪರೀಕ್ಷೆ ಮಾಡದೆ ರೀಕನೆಕ್ಷನ್ ಕೊಡುತ್ತಿದ್ದಾರೆ ಅಂತ. ಅಂದರೆ ಸಮಸ್ಯೆ ಏನು ಅಂತ ಮೇಲಿನವರಿಗೆ ಅಕ್ಷರ ಅಕ್ಷರ ಗೊತ್ತಿತ್ತು. ಪತ್ರ ಬರೆದರೆ ಕೆಳಗಿನವರ ಮೇಲೆ ಹೊಣೆ ಬೀಳುತ್ತದೆ. ಅವರಿಗೆ ಬೇಕಿದ್ದದ್ದು ನಕ್ಷೆ, ಜನ, ಮತ್ತು ಹೊತ್ತು. ಅವು ಪತ್ರದ ಜೊತೆ ಬರಲಿಲ್ಲ.

1988ರಲ್ಲಿ ಲಂಡನ್ನಿನಲ್ಲಿ

ಹೊರದೇಶದ ಉದಾಹರಣೆ ಕೊಡದೆ ಇರಬಹುದಿತ್ತು, ಆದರೆ ಕ್ಲ್ಯಾಪಮ್ ಬಗ್ಗೆ ಹೇಳದೆ ಈ ಪ್ರಕರಣ ಪೂರ್ತಿಯಾಗುವುದಿಲ್ಲ. 1988ರ ಡಿಸೆಂಬರ್ 12ರಂದು ಲಂಡನ್ನಿನ ಕ್ಲ್ಯಾಪಮ್ ಜಂಕ್ಷನ್ ಹತ್ತಿರ ಬೆಳಗಿನ ಕೆಲಸದ ಹೊತ್ತಿನ ಗಾಡಿಗಳು ಡಿಕ್ಕಿಯಾಗಿ 35 ಜನ ಸತ್ತರು. ಅಲ್ಲೂ ಹೊಸ ಸಿಗ್ನಲ್ ಹಾಕುವ ಕಾಮಗಾರಿ ನಡೆಯುತ್ತಿತ್ತು, ಗಾಡಿಗಳೂ ಓಡುತ್ತಿದ್ದವು. ಟೆಕ್ನಿಷಿಯನ್ ಒಂದು ಹಳೆಯ ವೈರನ್ನು ಪೂರ್ತಿ ತೆಗೆಯದೆ ಬಿಟ್ಟಿದ್ದ. ಕೆಲವು ದಿನ ಕಳೆದ ಮೇಲೆ ಪಕ್ಕದಲ್ಲಿ ಬೇರೆ ಕೆಲಸ ಮಾಡುವಾಗ ಆ ವೈರು ಸರಿದು ಹಳೆಯ ಟರ್ಮಿನಲ್‌ಗೆ ತಾಗಿತು, ತಪ್ಪು ಕರೆಂಟ್ ಹೋಯಿತು. ಮುಂದೆ ಗಾಡಿ ನಿಂತಿದ್ದರೂ ಸಿಗ್ನಲ್ ಕೆಂಪಾಗಲಿಲ್ಲ.

ಆ ತನಿಖೆಯನ್ನು ಆಂಟನಿ ಹಿಡನ್ ಅನ್ನುವ ವಕೀಲರು ನಡೆಸಿದರು, 93 ಶಿಫಾರಸು ಕೊಟ್ಟರು. ಟೆಕ್ನಿಷಿಯನ್ ಮೇಲೆ ಎಲ್ಲ ಹಾಕಿ ಕೈ ತೊಳೆದುಕೊಳ್ಳಲಿಲ್ಲ. ಆತ 13 ವಾರಗಳಲ್ಲಿ ಒಂದೇ ಒಂದು ದಿನ ರಜೆ ತೆಗೆದುಕೊಂಡಿದ್ದ ಅನ್ನುವುದನ್ನು ಹೊರಗೆ ತಂದರು. ಅವನ ಕೆಲಸವನ್ನು ಇನ್ನೊಬ್ಬರು ವೈರು ಎಣಿಸಿ ನೋಡಬೇಕಿತ್ತು, ಯಾರೂ ನೋಡಿರಲಿಲ್ಲ ಅನ್ನುವುದನ್ನೂ ಹೇಳಿದರು. ಆಮೇಲೆ ಅಲ್ಲಿ ಒಂದು ಪಾಳಿಗೆ 12 ಗಂಟೆ, ವಾರಕ್ಕೆ 72 ಗಂಟೆ ಅಂತ ಕೆಲಸದ ಮಿತಿ ಬಂತು. ಸಿಗ್ನಲ್ ಹಾಕುವವರಿಗೂ ಪರೀಕ್ಷೆ ಮಾಡುವವರಿಗೂ ಲೈಸೆನ್ಸ್ ಪದ್ಧತಿ ಬಂತು. ಹಾಗಿದ್ದೂ 2017ರ ಆಗಸ್ಟ್‌ನಲ್ಲಿ ಲಂಡನ್ನಿನ ವಾಟರ್ಲೂ ಸ್ಟೇಷನ್ನಿನಲ್ಲಿ, ಪರೀಕ್ಷೆಗೆ ಅಂತ ಹಾಕಿದ್ದ ತಾತ್ಕಾಲಿಕ ವೈರಿಂಗ್‌ನಿಂದ ಪಾಯಿಂಟ್ ಸರಿಯಾಗಿಲ್ಲದಿದ್ದರೂ ಸಿಗ್ನಲ್ ಬಂದು, ಗಾಡಿಯೊಂದು ಕಾಮಗಾರಿ ರೈಲಿಗೆ ತಾಗಿತು. ವೇಗ ಕಡಿಮೆ ಇದ್ದದ್ದರಿಂದ ಜೀವ ಹೋಗಲಿಲ್ಲ. ಅಲ್ಲಿನ ತನಿಖಾ ಸಂಸ್ಥೆ ಕ್ಲ್ಯಾಪಮ್‌ನ ಪಾಠ ಮಸುಕಾಗುತ್ತಿದೆ ಅಂತ ಆತಂಕಪಟ್ಟಿತು.

ಆಮೇಲೆ ಮಾಡಿದ್ದು, ಮಾಡಬೇಕಾದದ್ದು

ಅಪಘಾತ ಆದ ತಕ್ಷಣ ರೈಲ್ವೆ ಮಂಡಳಿ ರಿಲೇ ರೂಮ್, ಗುಮ್ಟಿಗಳಿಗೆ ಎರಡು ಬೀಗ ಇರಲೇಬೇಕು ಅಂತ ಕಟ್ಟುನಿಟ್ಟು ಮಾಡಿತು. ಒಂದು ಕೀ ಸ್ಟೇಷನ್ ಮಾಸ್ಟರ್ ಹತ್ತಿರ, ಇನ್ನೊಂದು ಸಿಗ್ನಲ್ ವಿಭಾಗದ ಹತ್ತಿರ. ಕದ್ದುಮುಚ್ಚಿ ಒಳಗೆ ಕೈ ಹಾಕುವುದನ್ನು ಇದು ತಡೆಯುತ್ತದೆ, ಒಳ್ಳೆಯದು. ಒಪ್ಪಿಗೆ ಪಡೆದು ಬಾಗಿಲು ತೆಗೆದವನ ಕೈಯಲ್ಲಿ ತಪ್ಪು ನಕ್ಷೆ ಇದ್ದರೆ ಬೀಗ ಏನೂ ಮಾಡುವುದಿಲ್ಲ.

ಕವಚ್, ಅಂದರೆ ಅಪಾಯ ಇದ್ದಾಗ ಗಾಡಿಗೆ ತಾನೇ ಬ್ರೇಕ್ ಹಾಕುವ ವ್ಯವಸ್ಥೆ, ಇದ್ದಿದ್ದರೆ ತಪ್ಪುತ್ತಿತ್ತು ಅಂತ ಬಹಳ ಜನ ವಾದಿಸಿದರು. ಆ ಮಾರ್ಗದಲ್ಲಿ ಕವಚ್ ಇರಲಿಲ್ಲ, ಬೇಗ ಬರಬೇಕು ಅನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ಮುಂದೆ ದಾರಿ ಯಾವುದು, ಸಿಗ್ನಲ್ ಯಾವ ಬಣ್ಣ ಅನ್ನುವುದನ್ನು ಕವಚ್ ತಿಳಿದುಕೊಳ್ಳುವುದು ಇಂಟರ್‌ಲಾಕಿಂಗ್‌ನಿಂದಲೇ. ಇಂಟರ್‌ಲಾಕಿಂಗೇ ಸುಳ್ಳನ್ನು ನಂಬಿ ಕೂತಿರುವಾಗ ಅದೇ ಸುಳ್ಳು ಕವಚ್‌ಗೂ ಹೋಗುತ್ತದೆ. ಕವಚ್ ಬಂತು ಇನ್ನು ವೈರಿಂಗ್ ಪರೀಕ್ಷೆ ಹೇಗಿದ್ದರೂ ನಡೆಯುತ್ತದೆ ಅಂತ ಯಾರಾದರೂ ಅಂದುಕೊಂಡರೆ ಅದು ಇನ್ನೂ ಅಪಾಯ.

ಸುರಕ್ಷತಾ ಆಯುಕ್ತರು ಕೇಳಿದ್ದು ದುಬಾರಿ ತಂತ್ರಜ್ಞಾನವನ್ನಲ್ಲ. ಇರುವ ಸರ್ಕ್ಯೂಟಿಗೆ ಏನೇ ಬದಲಾವಣೆ ಮಾಡಿದರೂ ಮಂಜೂರಾದ ನಕ್ಷೆ ಇರಬೇಕು, ಅಧಿಕಾರಿಯೊಬ್ಬರು ಸ್ಥಳದಲ್ಲೇ ಇರಬೇಕು. ಬದಲಾಯಿಸಿದ ಸರ್ಕ್ಯೂಟನ್ನು ಮತ್ತೆ ಚಾಲೂ ಮಾಡುವ ಮುಂಚೆ ಬೇರೆಯದೇ ತಂಡ ಪರೀಕ್ಷಿಸಬೇಕು. ಎಲ್ಲ ಕಡೆ ನಕ್ಷೆ ಮತ್ತು ಲೇಬಲ್‌ಗಳನ್ನು ನಿಜಕ್ಕೆ ತಕ್ಕಂತೆ ತಿದ್ದಬೇಕು. ಈ ಮೂರರಲ್ಲಿ ನನಗೆ ಎರಡನೆಯದೇ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ವೈರು ಹಾಕಿದವನು ತನ್ನದೇ ಕೆಲಸ ಪರೀಕ್ಷೆ ಮಾಡಿದರೆ ತಾನು ನಂಬಿದ್ದನ್ನೇ ಮತ್ತೆ ನೋಡುತ್ತಾನೆ. ಲೇಬಲ್ ತಪ್ಪು ಅಂತ ಅವನಿಗೆ ಕೆಲಸ ಮಾಡುವಾಗ ಹೊಳೆಯದಿದ್ದರೆ ಪರೀಕ್ಷೆ ಮಾಡುವಾಗಲೂ ಹೊಳೆಯುವುದಿಲ್ಲ. ಅದೂ ಅಲ್ಲದೆ, ಕಂಟ್ರೋಲ್‌ನಿಂದ ಬರುವ ಫೋನಿಗೆ ‘ಇನ್ನೂ ಆಗಿಲ್ಲ’ ಅಂತ ಹೇಳುವ ಧೈರ್ಯ ಬೇಕಲ್ವಾ? ಆ ಧೈರ್ಯ ಬರುವುದು ಗೇಟ್ ಕೆಲಸ ಬೇಗ ಮುಗಿಸುವ ಹೊಣೆ ಇಲ್ಲದ ಮನುಷ್ಯನಿಗೆ.

ಇದಕ್ಕೆ ನನ್ನ ಕಡೆಯಿಂದ ಒಂದು ಸೇರಿಸುತ್ತೇನೆ. ಬ್ಲಾಕ್ ಕೇಳುವಾಗಲೇ ಪರೀಕ್ಷೆಯ ಹೊತ್ತನ್ನು ಬೇರೆಯಾಗಿ ಬರೆಯಬೇಕು. ಕೆಲಸಕ್ಕೆ ಇಷ್ಟು, ಪರೀಕ್ಷೆಗೆ ಇಷ್ಟು. ಕೆಲಸ ತಡವಾದರೆ ಪರೀಕ್ಷೆಯ ಹೊತ್ತನ್ನು ತಿನ್ನುವ ಹಾಗಿಲ್ಲ, ಕೆಲಸವನ್ನೇ ಅರ್ಧಕ್ಕೆ ನಿಲ್ಲಿಸಿ ಪಾಯಿಂಟ್ ಕ್ಲಾಂಪ್ ಮಾಡಿ ಗಾಡಿ ನಿಧಾನವಾಗಿ ಬಿಡಬೇಕು. ಹಾಗೆ ಬಿಟ್ಟರೆ ಅವತ್ತು ಹತ್ತು ಗಾಡಿ ತಡವಾಗುತ್ತವೆ, ಪ್ರಯಾಣಿಕರು ಬೈಯುತ್ತಾರೆ, ಪತ್ರಿಕೆಯಲ್ಲಿ ಬರುತ್ತದೆ. ಬರಲಿ. ಪ್ರಯಾಣಿಕರಾಗಿ ನಾವೂ ಇದನ್ನು ತಿಳಿದುಕೊಳ್ಳಬೇಕು. ಸಿಗ್ನಲ್ ಕೆಲಸ ನಡೆಯುತ್ತಿದೆ ಅಂತ ಗಾಡಿ ಅರ್ಧ ಗಂಟೆ ನಿಂತರೆ ಯಾರೋ ಅಲ್ಲಿ ಪರೀಕ್ಷೆ ಮಾಡುತ್ತಿದ್ದಾರೆ ಅಂತ.

ಕರ್ನಾಟಕದಲ್ಲಿ ಈಗ ಜೋಡಿ ಹಳಿ ಕೆಲಸ, ಸ್ಟೇಷನ್ ಯಾರ್ಡ್ ಬದಲಾವಣೆ, ಬೆಂಗಳೂರಿನ ಉಪನಗರ ರೈಲು, ಎಲ್ಲವೂ ಓಡುತ್ತಿರುವ ಲೈನ್‌ಗಳ ಮೇಲೆ ಅಥವಾ ಅವಕ್ಕೆ ಅಂಟಿಕೊಂಡೇ ನಡೆಯುತ್ತಿವೆ. ಪ್ರತಿ ಬಾರಿ ಯಾರ್ಡ್ ಬದಲಾದಾಗ ಸರ್ಕ್ಯೂಟ್ ಬದಲಾಗುತ್ತದೆ, ಹಳೆಯ ವೈರು ಹೊಸ ಟರ್ಮಿನಲ್‌ಗೆ ಹೋಗುತ್ತದೆ. ಅವತ್ತು ಲೇಬಲ್ ತಿದ್ದದೆ ಬಿಟ್ಟರೆ ಅವತ್ತೇ ಏನೂ ಆಗುವುದಿಲ್ಲ. ಐದಾರು ವರ್ಷ ಕಳೆದು ಗೇಟಿನ ಕಂಬ ಬದಲಾಯಿಸಲು ಬರುವ ಹುಡುಗನಿಗೆ ಆ ಲೇಬಲ್ ಸುಳ್ಳು ಅಂತ ಹೇಳುವವರು ಯಾರೂ ಅಲ್ಲಿರುವುದಿಲ್ಲ. ಹಾಗಾಗಿ ಕಾಮಗಾರಿ ಮುಗಿಯಿತು ಅಂತ ಗುತ್ತಿಗೆದಾರರ ಬಿಲ್ ಪಾಸ್ ಮಾಡುವ ಮುಂಚೆ, ಪೆಟ್ಟಿಗೆ ತೆಗೆದು, ನಕ್ಷೆ ಪಕ್ಕದಲ್ಲಿ ಇಟ್ಟುಕೊಂಡು, ಒಂದೊಂದು ವೈರನ್ನೂ ಮುಟ್ಟಿ ಓದಿ ಟಿಕ್ ಹಾಕಿದ ಹಾಳೆಯನ್ನು ಕೇಳಬೇಕು. ಆ ಹಾಳೆಯಲ್ಲಿ ಕೆಲಸ ಮಾಡಿದವರದ್ದಲ್ಲದ ಇನ್ನೊಂದು ಸಹಿ ಇರಬೇಕು.